ಫ್ಯೂಜಿ ಆಮೇಲೆ, ಮೊದಲು ಹನ್ನೋ ಊರಿನ ಆ ಗುಡ್ಡ ಹತ್ತಿ

ಬೆಟ್ಟ ಹತ್ತುವ ಹುಡುಗಿಯರ ಕಥೆಯಾದ ಯಾಮಾ ನೊ ಸುಸುಮೆ ಅನ್ನುವ ಅನಿಮೆ (ಜಪಾನಿನ ಕಾರ್ಟೂನ್ ಸರಣಿ) ನೋಡಿದ್ದೀರಿ, ಜುಲೈನಲ್ಲಿ ಹತ್ತು ದಿನ ಜಪಾನಿನಲ್ಲಿ ಇರುತ್ತೀರಿ. ಫ್ಯೂಜಿಯನ್ನು ರಾತ್ರೋರಾತ್ರಿ ಹತ್ತಿ ಸೂರ್ಯೋದಯ ನೋಡುವುದಾ, ಇಲ್ಲ ದಾರಿಯ ಹಟ್‌ನಲ್ಲಿ, ಅಂದರೆ ಹತ್ತುವವರು ತಂಗುವ ಮನೆಯಲ್ಲಿ, ಮಲಗಿ ಹೋಗುವುದಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ಎದೆ ಧಸಕ್ಕೆಂದಿತು. 2019ರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ನಾನು ಹೊರಟಿದ್ದೆ.

ನಾನು ಚಿಕ್ಕಮಗಳೂರಿನವನು. ಮುಳ್ಳಯ್ಯನಗಿರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಕುಮಾರ ಪರ್ವತವನ್ನು ಕುಕ್ಕೆ ಕಡೆಯಿಂದ ಮೂರು ಸಲ ಹತ್ತಿದ್ದೆ. ಆ ವರ್ಷ ಆಫೀಸಿನವರು ಟೋಕಿಯೋಗೆ ಕಳಿಸಿದ್ದರು. ಸಂಜೆ ರೂಮಿಗೆ ಬಂದರೆ ಮಾತಾಡಲು ಯಾರೂ ಇಲ್ಲ. ಆಗ ಜೊತೆಯಾದವರು ಆ ಅನಿಮೆಯ ಅಓಯಿ ಮತ್ತು ಹಿನಾತಾ. ಚಿಕ್ಕಂದಿನಲ್ಲಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಎತ್ತರ ಅಂದರೆ ಹೆದರುವ ಹುಡುಗಿ, ಅವಳನ್ನು ಬಿಡದೆ ಬೆಟ್ಟಕ್ಕೆ ಎಳೆದುಕೊಂಡು ಹೋಗುವ ಗೆಳತಿ. 2013ರ ಮೊದಲ ಸೀಸನ್ನಿನ ಕಂತುಗಳು ಐದೈದೇ ನಿಮಿಷ, ಒಂದೇ ರಾತ್ರಿಗೆ ಮುಗಿದವು. ಎರಡನೇ ಸೀಸನ್ನಿನಲ್ಲಿ ಫ್ಯೂಜಿ ಹತ್ತುವಾಗ ಎಂಟನೇ ಸ್ಟೇಷನ್ (ಫ್ಯೂಜಿಯ ದಾರಿಯ ಹಂತಗಳಿಗೆ ಹಾಗನ್ನುತ್ತಾರೆ) ಹತ್ತಿರ ಅಓಯಿಗೆ ತಲೆನೋವು ಬಂದು ಕೂತುಬಿಡುತ್ತಾಳಲ್ಲ, ಅದನ್ನು ನೋಡಿ ಕಣ್ಣು ತುಂಬಿ ಬಂತು. ಆದರೆ ನನಗೂ ಹಾಗಾಗಬಹುದು ಅಂತ ಅನಿಸಲೇ ಇಲ್ಲ.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಅದೇ ಲೆಕ್ಕ ಹಾಕುತ್ತಿದ್ದೀರಿ ಅಂತ ಕಾಣುತ್ತದೆ. ಫ್ಯೂಜಿ ಹತ್ತುವ ದಾರಿಗಳಲ್ಲಿ ಒಂದಾದ ಯೋಶಿದಾ ದಾರಿಯಲ್ಲಿ ಬಸ್ಸು ಐದನೇ ಸ್ಟೇಷನ್ ತನಕ ಹೋಗುತ್ತದೆ. ಅದು ಸುಮಾರು 2,300 ಮೀಟರ್. ಶಿಖರ 3,776. ಅಂದರೆ ಹತ್ತಬೇಕಾದ್ದು 1,500 ಮೀಟರಿಗಿಂತ ಕಡಿಮೆ. ಕುಕ್ಕೆಯಿಂದ ಕುಮಾರ ಪರ್ವತ ಅದಕ್ಕಿಂತ ಜಾಸ್ತಿಯೇ ಏರಿಕೆ. ಹಾಗಾದರೆ ಇದು ಸುಲಭ ಅಲ್ವಾ ಅಂದುಕೊಂಡೆ. ಕಾಲಿನ ಲೆಕ್ಕ ಸರಿಯಾಗಿತ್ತು. ಮೇಲೆ ಹೋದ ಹಾಗೆ ತೆಳುವಾಗುವ ಗಾಳಿಯ ಲೆಕ್ಕ ಹಾಕಿರಲಿಲ್ಲ. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ರಾಜ್ಯದಲ್ಲೇ ಅತಿ ಎತ್ತರ. ನಮ್ಮ ನಾಡು ಮುಗಿದ ಮೇಲೂ ಸುಮಾರು ಮುನ್ನೂರೆಪ್ಪತ್ತು ಮೀಟರ್ ಮೇಲಕ್ಕೆ ಹೋಗಿ ಬಸ್ಸು ನಿಲ್ಲುತ್ತದೆ. ಕಾಲು ನೆಲಕ್ಕಿಡುವ ಹೊತ್ತಿಗೇ ನಾನು ಹುಟ್ಟಿದಾಗಿನಿಂದ ನಿಂತ ಜಾಗಗಳಿಗಿಂತ ಎತ್ತರದಲ್ಲಿದ್ದೆ. ಬೆಳಿಗ್ಗೆ ತಿಂಡಿ ತಿಂದದ್ದು ಸಮುದ್ರಮಟ್ಟದ ಟೋಕಿಯೋದಲ್ಲಿ.

ಟ್ರಾಫಿಕ್‌ನಿಂದ ಬಸ್ಸು ತಡವಾಗಿತ್ತು. ಎಂಟನೇ ಸ್ಟೇಷನ್ನಿನ ಹಟ್‌ಗೆ ಊಟದ ಹೊತ್ತಿನೊಳಗೆ ತಲುಪಬೇಕಿತ್ತು. ಇಳಿದು ಐದು ನಿಮಿಷಕ್ಕೆ ನಡೆಯಲು ಶುರು ಮಾಡಿದೆ. ಇದೇ ತಪ್ಪು, ಬೇರೆ ಯಾವುದೂ ಅಲ್ಲ. ಅಲ್ಲಿ ಕನಿಷ್ಠ ಒಂದು ಗಂಟೆ ಸುಮ್ನೆ ಕೂರಬೇಕು. ನೀರು ಕುಡಿಯಬೇಕು, ನಿಧಾನ ಓಡಾಡಬೇಕು. ಅಂಗಡಿ ನೋಡಿ, ಕುದುರೆ ನೋಡಿ. ಮೈಗೆ ಆ ಗಾಳಿ ಒಗ್ಗಲಿ. ನನಗೆ ಆ ಒಂದು ಗಂಟೆ ದಂಡ ಅನಿಸಿತು. ದಾರಿಯ ಮೊದಲ ಭಾಗ ಸಮತಟ್ಟು, ಒಂದೆರಡು ಕಡೆ ಇಳಿಜಾರು ಕೂಡ, ಅದಕ್ಕೇ ವೇಗ ಇನ್ನೂ ಜಾಸ್ತಿಯಾಯಿತು. ಮುಂದೆ ಹೋಗುತ್ತಿದ್ದ ವಯಸ್ಸಾದವರನ್ನೆಲ್ಲ ದಾಟಿಕೊಂಡು ಹೋದೆ. ಅವರು ಅರ್ಧ ಹೆಜ್ಜೆ, ಅರ್ಧ ಹೆಜ್ಜೆ ಇಡುತ್ತಿದ್ದರು. ಅದು ಸುಸ್ತಲ್ಲ, ತಿಳಿವಳಿಕೆ ಅಂತ ನನಗೆ ಗೊತ್ತಾಗಿದ್ದು ರಾತ್ರಿ.

ಕೆಳಗೆ ಒಂದು ಮರದ ಕೋಲು ಕೊಂಡಿದ್ದೆ. ಒಂದೊಂದು ಹಟ್‌ನಲ್ಲೂ ಅದಕ್ಕೆ ಬರೆ ಹಾಕಿಸಿಕೊಳ್ಳಬಹುದು. ಕೆಂಡದಿಂದ ಕಬ್ಬಿಣದ ಮುದ್ರೆ ತೆಗೆದು ಒತ್ತುತ್ತಾರೆ. ಚುರ್ ಅನ್ನುತ್ತದೆ, ತೆಳುವಾಗಿ ಹೊಗೆ ಏಳುತ್ತದೆ. ಆರನೆಯದು, ಏಳನೆಯದು ಹಾಕಿಸುವಾಗ ಆ ಸುಟ್ಟ ಮರದ ವಾಸನೆ ಎಷ್ಟು ಹಿತವಾಗಿತ್ತು! ಎಂಟನೆಯದರಲ್ಲಿ ಅದೇ ವಾಸನೆಗೆ ಹೊಟ್ಟೆ ತೊಳಸಿತು. ತಲೆಗೆ ಹಗ್ಗ ಕಟ್ಟಿ ಬಿಗಿದ ಹಾಗೆ. ಊಟದ ತಟ್ಟೆ ನೋಡಲಾಗಲಿಲ್ಲ. ಮಲಗಿದರೆ ಸರಿಹೋಗುತ್ತದೆ ಅಂದುಕೊಂಡೆ, ಇನ್ನೂ ಹೆಚ್ಚಾಯಿತು. ನಿದ್ದೆಯಲ್ಲಿ ಉಸಿರಾಟ ನಿಧಾನವಾಗುತ್ತದೆ, ಇರುವ ಸ್ವಲ್ಪ ಗಾಳಿಯೂ ಸಾಲುವುದಿಲ್ಲ. ನಡುರಾತ್ರಿ ದಾಟುತ್ತಿದ್ದ ಹಾಗೆ ಎಲ್ಲರೂ ತಲೆಗೆ ದೀಪ ಕಟ್ಟಿಕೊಂಡು ಶಿಖರಕ್ಕೆ ಹೊರಟರು. ನಾನು ಹಟ್ ಬಾಗಿಲಲ್ಲಿ ಕೂತು ಆ ದೀಪಗಳ ಸಾಲು ಮೇಲಕ್ಕೆ ಹೋಗುವುದನ್ನು ನೋಡಿದೆ. ಸೂರ್ಯೋದಯ ಅಲ್ಲಿಂದಲೇ ಕಂಡಿತು. ಚೆನ್ನಾಗಿತ್ತು. ಆದರೆ ಅಳು ಬಂತು. ಬೆಳಗಾದ ಮೇಲೆ ಇಳಿದೆ. ಐದನೇ ಸ್ಟೇಷನ್ ಮುಟ್ಟುವ ಹೊತ್ತಿಗೆ ತಲೆನೋವು ಹೇಳಹೆಸರಿಲ್ಲದೆ ಹೋಗಿತ್ತು. ಅದೇ ಹೆಚ್ಚು ಸಂಕಟ.

ಸೆಪ್ಟೆಂಬರ್‌ನಲ್ಲಿ ಒಂದು ಭಾನುವಾರ ಹನ್ನೋಗೆ ಹೋದೆ. ಟೋಕಿಯೋ ಪಕ್ಕದ ಸೈತಾಮಾ ಪ್ರಾಂತ್ಯದ ಸಣ್ಣ ಊರು, ಅಓಯಿಯ ಊರು. ಟೋಕಿಯೋದ ಇಕೆಬುಕುರೊದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಸ್ಟೇಷನ್ನಿಂದ ನಡೆದುಕೊಂಡೇ ತೆನ್‌ರಾನ್ ಬೆಟ್ಟದ ಬುಡಕ್ಕೆ ಹೋಗಬಹುದು. ಎತ್ತರ 197 ಮೀಟರ್. ಅಓಯಿ, ಹಿನಾತಾ ಮೊದಲು ಹತ್ತುವ ಬೆಟ್ಟ ಇದು. ದಾರಿಯಲ್ಲಿ ಬಂಡೆಯ ಆಸರೆಯಲ್ಲಿ ಹದಿನಾರು ಅರ್ಹತರ (ಬುದ್ಧನ ಶಿಷ್ಯರ) ಕಲ್ಲಿನ ಮೂರ್ತಿಗಳಿವೆ. 1883ರಲ್ಲಿ ಮೆಯ್ಜಿ ಚಕ್ರವರ್ತಿ ಇಲ್ಲಿಂದ ಸೈನ್ಯದ ಕವಾಯತು ನೋಡಿದ್ದಕ್ಕೆ ಬೆಟ್ಟಕ್ಕೆ ಈ ಹೆಸರು ಬಂತು, ತೆನ್‌ರಾನ್ ಅಂದರೆ ಚಕ್ರವರ್ತಿ ನೋಡುವುದು. ಎದುರು ಸಿಕ್ಕವರೆಲ್ಲ ಕೊನ್ನಿಚಿವಾ, ಅಂದರೆ ನಮಸ್ಕಾರ, ಅನ್ನುತ್ತಾರೆ. ಟೋಕಿಯೋದಲ್ಲಿ ಅಷ್ಟು ತಿಂಗಳಲ್ಲಿ ಗುರುತಿಲ್ಲದವರು ನನ್ನನ್ನು ಹಾಗೆ ಮಾತಾಡಿಸಿರಲಿಲ್ಲ. ಮೇಲೆ ಒಬ್ಬ ಪುಟ್ಟ ಹುಡುಗಿ ಕಂಬಿ ಹಿಡಿದುಕೊಂಡು ಕೆಳಗೆ ನೋಡಲು ಹೆದರುತ್ತಿದ್ದಳು, ಅವಳ ಅಜ್ಜಿ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ಆ ದಿನ ಮಬ್ಬು, ಫ್ಯೂಜಿ ಕಾಣಲಿಲ್ಲ. ಡಿಸೆಂಬರ್‌ನಲ್ಲಿ ಮತ್ತೆ ಹೋದೆ. ಚಳಿಗಾಲದ ಶುಭ್ರ ಗಾಳಿಯಲ್ಲಿ ಬೆಟ್ಟಗಳ ಹಿಂದಿನಿಂದ ಬೆಳ್ಳಗೆ ಎದ್ದು ನಿಂತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರಾತ್ರಿಯಾ, ಹಟ್ಟಾ ಅನ್ನುವುದು ಆಮೇಲಿನ ಮಾತು. ಈ ಕಥೆಯ ಜಾಗಗಳನ್ನು ನೋಡಬೇಕು ಅಂದರೆ ಅಓಯಿ, ಹಿನಾತಾ ಹೋದ ಹಾಗೆ ಹೋಗಿ. ಮೊದಲು ತೆನ್‌ರಾನ್, ಆಮೇಲೆ 599 ಮೀಟರಿನ ತಕಾವೊ, ಆಮೇಲೆ 1,785 ಮೀಟರಿನ ಮಿತ್ಸುತೋಗೆ. ಫ್ಯೂಜಿ ಎದುರಿಗೇ ಕಾಣುವುದು ಆ ಮಿತ್ಸುತೋಗೆಯಿಂದ. ಹತ್ತು ದಿನಕ್ಕೆ ಇವು ಮೂರು ಸಾಕು, ಬೇಕಾದಷ್ಟಾಯಿತು. ಫ್ಯೂಜಿಯನ್ನು ಇನ್ನೊಂದು ವರ್ಷಕ್ಕೆ ಇಡಿ.

ಇನ್ನೊಂದು ವರ್ಷ ಸಿಗದೇ ಹೋಗಬಹುದು ಅನ್ನುತ್ತೀರಾ? ನಿಜ. 2020ರ ಬೇಸಿಗೆಯಲ್ಲಿ ಕೊರೋನಾದಿಂದ ಫ್ಯೂಜಿಯ ದಾರಿಗಳನ್ನೆಲ್ಲ ಮುಚ್ಚಿದರು, ಅಷ್ಟರಲ್ಲಿ ನನ್ನ ಕೆಲಸವೂ ಮುಗಿದು ಊರಿಗೆ ಬಂದೆ. 2022ರ ನಾಲ್ಕನೇ ಸೀಸನ್ನಿನಲ್ಲಿ ಅಓಯಿ ಮತ್ತೆ ಹೋಗಿ ಶಿಖರ ಮುಟ್ಟಿದಳು. ನಾನು ಮನೆಯಲ್ಲಿ ಕೂತು ನೋಡಿದೆ. ಕೋಲು ಬಾಗಿಲ ಮೂಲೆಯಲ್ಲೇ ಇದೆ, ಎಂಟನೇ ಬರೆಯ ಮೇಲೆ ಬರಿಯ ಮರ. ನಾನಿನ್ನೂ ಹೋಗುವವನೇ.

ಇಷ್ಟಾದರೂ ಈ ಜುಲೈಗೆ ಫ್ಯೂಜಿಯೇ ಬೇಕು ಅಂದರೆ, ರಾತ್ರೋರಾತ್ರಿ ಹತ್ತುವ ಯೋಚನೆ ಬಿಡಿ. 2025ರಲ್ಲಿ ಯೋಶಿದಾ ದಾರಿಯಲ್ಲಿ ಹಟ್ ಬುಕಿಂಗ್ ಇಲ್ಲದವರಿಗೆ ಮಧ್ಯಾಹ್ನ 2ರಿಂದ ಬೆಳಗಿನ ಜಾವ 3ರ ತನಕ ಗೇಟು ಮುಚ್ಚಿತ್ತು, ಶುಲ್ಕ 4,000 ಯೆನ್. ಹಟ್ ಮೊದಲೇ ಬುಕ್ ಮಾಡಿ, ಟೋಕಿಯೋದಿಂದ ಬೆಳಿಗ್ಗೆಯ ಬಸ್ಸನ್ನೇ ಹಿಡಿಯಿರಿ. ಐದನೇ ಸ್ಟೇಷನ್‌ನಲ್ಲಿ ಇಳಿದ ಮೇಲೆ ಬ್ಯಾಗು ಕೆಳಗಿಡಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ಗಂಟೆ ಕೂತಿರಿ.