ಟ್ಯೂಬ್‌ಲೈಟ್ ಹಾಕಿದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತಿದೆಯಾ?

ಬಿಳಿ ಪ್ಲಾಸ್ಟಿಕ್ ಕ್ಲಿಪ್ ಹಾಕಿ ನೀವೇ ಮಾಡಿದ ಪಲ್ಸ್ ಆಕ್ಸಿಮೀಟರ್ (ಬೆರಳಿಗೆ ಬೆಳಕು ಹಾಯಿಸಿ ನಾಡಿ, ರಕ್ತದ ಆಮ್ಲಜನಕ ಅಳೆಯುವ ಸಾಧನ) ಹಗಲು ಸರಿಯಾಗಿದ್ದು, ಟ್ಯೂಬ್‌ಲೈಟ್ ಹಾಕಿದ ಕೂಡಲೇ ರೀಡಿಂಗ್ ಕುಣಿಯುತ್ತದೆ ಅಂದಿರಲ್ಲ, ಕೋಡ್ ಮುಟ್ಟುವ ಮೊದಲು ಆ ಕ್ಲಿಪ್ಪನ್ನೇ ನೋಡಿ. ಬಿಳಿ ಪ್ಲಾಸ್ಟಿಕ್ ಹೊರಗಿನ ಬೆಳಕನ್ನು ಒಳಗೆ ಬಿಡುತ್ತದೆ. ಒಳಗೆ ಕಪ್ಪು ಫೋಮ್ ಅಂಟಿಸಿ. ಸ್ಪ್ರಿಂಗ್ ಮಾತ್ರ ಜಾಸ್ತಿ ಬಿಗಿ ಬೇಡ, ಬೆರಳಿನ ರಕ್ತದ ಓಟವೇ ಕಡಿಮೆಯಾಗಿ ನಾಡಿ ಸಿಗುವುದಿಲ್ಲ. ನಾನು ಬಟ್ಟೆ ಕ್ಲಿಪ್ಪಿನ ಸ್ಪ್ರಿಂಗ್ ಹಾಕಿ ಪೆಚ್ಚಾಗಿದ್ದೆ!

ಇನ್ನು ಕೋಡ್. ನಮ್ಮ ಕರೆಂಟು 50 ಹರ್ಟ್ಸ್. ಚೋಕ್ ಇರುವ ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಿಮ್ಮ ಕೋಡ್ ಕೂಡ ಬೆಳಕಿನ ಸೆನ್ಸರನ್ನು ಸೆಕೆಂಡಿಗೆ 100 ಸಲವೇ ಓದುತ್ತಿದೆ. ಎರಡೂ ಕರಾರುವಾಕ್ಕಾಗಿ ಹೊಂದುವುದಿಲ್ಲ, ಅಲ್ವಾ? ಆ ಚಿಕ್ಕ ವ್ಯತ್ಯಾಸ ನಿಧಾನದ ಅಲೆಯಾಗಿ ಬಂದು ಥೇಟ್ ನಾಡಿಯಂತೆ ಕಾಣುತ್ತದೆ. ಕೆಂಪು, ಇನ್‌ಫ್ರಾರೆಡ್ ಎರಡೂ ಎಲ್ಇಡಿ ಆರಿಸಿ ಒಮ್ಮೆ ಓದಿ, ಆಗ ಸಿಗುವುದು ಹೊರಗಿನ ಬೆಳಕು ಮಾತ್ರ; ಅದನ್ನು ಪಕ್ಕದ ಕೆಂಪು, ಇನ್‌ಫ್ರಾರೆಡ್ ರೀಡಿಂಗ್‌ಗಳಿಂದ ಕಳೆಯಿರಿ. ಈ ಮೂರೂ ರೀಡಿಂಗ್ ಒಂದರ ಹಿಂದೊಂದು ಬೇಗ ಆಗಬೇಕು.