ಕಾಲೇಜು ಕೊಳ್ಳುವ ಪೇಪರ್‌ಗೂ ಕಾಡಿಗೂ ಏನು ಸಂಬಂಧ? ವಿದ್ಯಾರ್ಥಿಗಳು ಪ್ರತಿಭಟಿಸಿದರೆ ಪ್ರಯೋಜನ ಇದೆಯಾ?

ಇದೆ. ಅಮೆರಿಕದ ಸ್ಟೇಪಲ್ಸ್ ಪ್ರಕರಣ ನೋಡಿ. ಪೆನ್ನು, ಪೇಪರ್, ಫೈಲು ಮಾರುವ ದೊಡ್ಡ ಕಂಪನಿ ಅದು. 2000ದ ಸುಮಾರಿಗೆ ಫಾರೆಸ್ಟ್‌ಎಥಿಕ್ಸ್, ಡಾಗ್‌ವುಡ್ ಅಲಯನ್ಸ್ ಎಂಬ ಪರಿಸರ ಸಂಘಟನೆಗಳು, ಕಾಡು ಕಡಿದು ಮಾಡಿದ ಪೇಪರ್ ಮಾರುತ್ತದೆ ಅಂತ ಅದರ ವಿರುದ್ಧ ಚಳವಳಿ ಶುರು ಮಾಡಿದವು. ವಿದ್ಯಾರ್ಥಿಗಳೂ ಜೊತೆಗೂಡಿ ಅಂಗಡಿಗಳ ಮುಂದೆ ಪ್ರತಿಭಟಿಸಿದರು.

ಮರ ಕಡಿಯುವವರನ್ನು ಬಿಟ್ಟು ಅಂಗಡಿಯವರನ್ನು ಹಿಡಿದದ್ದೇಕೆ? ಪೇಪರ್ ಮಿಲ್ಲಿನ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಅಂಗಡಿಯ ಬೋರ್ಡು ಎಲ್ಲರಿಗೂ ಗೊತ್ತು. ಹೆಸರು ಕೆಟ್ಟರೆ ನಷ್ಟ ಅಂಗಡಿಗೇ ಅಲ್ವಾ?

2002ರ ನವೆಂಬರ್‌ನಲ್ಲಿ ಸ್ಟೇಪಲ್ಸ್ ಮಣಿಯಿತು. ಅಪಾಯದಲ್ಲಿರುವ ಕಾಡುಗಳ ಮರದಿಂದ ಮಾಡಿದ ಪೇಪರನ್ನು ಹಂತಹಂತವಾಗಿ ಕೈಬಿಡಲು ಒಪ್ಪಿತು. ತಾನು ಮಾರುವ ಪೇಪರಿನಲ್ಲಿ ಸರಾಸರಿ 30% ಭಾಗ ಜನ ಬಳಸಿ ಬಿಸಾಡಿದ ಕಾಗದದಿಂದ ಬರಬೇಕು ಎಂಬ ಗುರಿಯನ್ನೂ ಹಾಕಿಕೊಂಡಿತು. ‘ಬಳಸಿ ಬಿಸಾಡಿದ’ ಅನ್ನುವುದು ಇಲ್ಲಿ ಮುಖ್ಯ. ಮಿಲ್ಲಿನಲ್ಲೇ ಉಳಿದ ಚೂರುಗಳನ್ನು ಸೇರಿಸಿ ಸುಮ್ನೆ ‘ಮರುಬಳಕೆ’ ಅಂತ ಬರೆದುಕೊಳ್ಳುವುದು ಸುಲಭ.

ಕ್ಯಾಂಪಸ್ಸಿನೊಳಗೆ ಹಿಡಿಯಬೇಕಾದ್ದು ಟೆಂಡರನ್ನು. ವಿಶ್ವವಿದ್ಯಾಲಯಗಳು ಪೇಪರನ್ನು ಸಗಟಾಗಿ ಕೊಳ್ಳುತ್ತವೆ, ಹಾಗಾಗಿ ಷರತ್ತಿನ ಒಂದು ಸಾಲು ಬದಲಾದರೂ ಪೂರೈಕೆದಾರ ಕೇಳಲೇಬೇಕು. ಬೆಲೆ ಜಾಸ್ತಿ ಅಂತ ಆಡಳಿತದವರು ತಕರಾರು ತೆಗೆಯಬಹುದು. ಹಾಳೆಯ ಎರಡೂ ಬದಿ ಪ್ರಿಂಟ್ ಮಾಡಿದರೆ ಪೇಪರೇ ಕಮ್ಮಿ ಬೇಕಾಗುತ್ತದೆ ಅಂತ ಲೆಕ್ಕ ತೋರಿಸಿ.