ಕಂದಾಯ ಕಟ್ಟಿದರೆ ಮೇಲಿನ ಮಹಡಿ ಸಕ್ರಮ ಆಗುತ್ತಾ?

ಬೆಂಗಳೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಅವರದು 30×40 ಸೈಟು, ಎ ಖಾತಾ (ಸಕ್ರಮ ಸೈಟು ಎಂದು ಪಾಲಿಕೆ ದಾಖಲಿಸಿಕೊಂಡ ಖಾತೆ). 2004ರಲ್ಲಿ ನೆಲಮಹಡಿ ಮತ್ತು ಒಂದನೇ ಮಹಡಿಗೆ ಲೈಸೆನ್ಸ್ ತೆಗೆದುಕೊಂಡು ಕಟ್ಟಿದರು. 2016ರಲ್ಲಿ ಮಗನಿಗೆಂದು ಎರಡನೇ ಮಹಡಿ ಎಬ್ಬಿಸಿದರು, ಅದಕ್ಕೆ ಯಾರನ್ನೂ ಕೇಳಲಿಲ್ಲ. ಪ್ಲಾನಿನ ಪ್ರಕಾರ ಹಿಂದುಗಡೆ ಮೂರಡಿ ಬಿಡಬೇಕಿತ್ತು, ಬಿಟ್ಟದ್ದು ಎರಡಡಿ. ಈಗ ಮನೆ ಮೇಲೆ ಸಾಲ ಕೇಳಿದರೆ ಬ್ಯಾಂಕಿನವರು ಓಸಿ, ಅಂದರೆ ಕಟ್ಟಿದ ಮನೆಯಲ್ಲಿ ವಾಸಕ್ಕೆ ಪಾಲಿಕೆ ಕೊಡುವ ಪ್ರಮಾಣಪತ್ರ, ಕೇಳುತ್ತಿದ್ದಾರೆ. 'ಮೂರೂ ಮಹಡಿಗೆ ಕಂದಾಯ ಕಟ್ಟುತ್ತೇನೆ, ಮೂರು ಕರೆಂಟ್ ಮೀಟರ್ ಇದೆ. ಆದರೂ ಅಕ್ರಮ ಹೇಗೆ? 60 ಸಾವಿರ ಕೊಟ್ಟರೆ ಅಕ್ರಮ-ಸಕ್ರಮದಲ್ಲಿ ಮಾಡಿಸಿಕೊಡ್ತೀನಿ ಅಂತ ಬ್ರೋಕರ್ ಹೇಳುತ್ತಾನೆ. ಕೊಡಲಾ?' ಎಂದು ಕೇಳಿದ್ದಾರೆ.

ಮೇಷ್ಟ್ರೇ, ಕೊಡಬೇಡಿ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಟ್ಟೆ, ಯಾಕೆಂದರೆ ಈ ಪತ್ರಿಕೆ ನಿಮ್ಮ ಕೈಸೇರುವ ಮೊದಲೇ ಆತ ಇನ್ನೊಮ್ಮೆ ಬಂದು ಹೋಗಿರುತ್ತಾನೆ.

ಅಕ್ರಮ-ಸಕ್ರಮ ಎಂಬ ಮಾತು ನಮ್ಮಲ್ಲಿ ಹತ್ತಾರು ವಿಷಯಕ್ಕೆ ಓಡಾಡುತ್ತದೆ. ಸರ್ಕಾರಿ ಜಮೀನಿನಲ್ಲಿ ಉಳುಮೆ ಮಾಡಿದವರ ಬಗರ್‌ಹುಕುಂ ಒಂದು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರ 94ಸಿ ಇನ್ನೊಂದು. ಬಿ ಖಾತಾವನ್ನು ಎ ಖಾತಾ ಮಾಡಿಸುವುದು ಮತ್ತೊಂದು. ನಿಮ್ಮದು ಇದ್ಯಾವುದೂ ಅಲ್ಲ. ನಿಮ್ಮ ಸೈಟಿನಲ್ಲಿ ತಪ್ಪಿಲ್ಲ, ತಪ್ಪಿರುವುದು ಗೋಡೆಯಲ್ಲಿ. ಖಾತೆ ಅನ್ನುವುದು ಕಂದಾಯದ ಲೆಕ್ಕದ ಪುಸ್ತಕ, ಕಟ್ಟಲು ಕೊಟ್ಟ ಅನುಮತಿ ಅಲ್ಲ. ಪ್ಲಾನ್ ಮೀರಿ ಕಟ್ಟಿದ ಜಾಗಕ್ಕೂ ಪಾಲಿಕೆ ಕಂದಾಯ ವಸೂಲಿ ಮಾಡಬಹುದು, ಆದರೆ ವಸೂಲಿ ಮಾಡಿದ ಮಾತ್ರಕ್ಕೆ ಅದು ಸಕ್ರಮ ಆಗುವುದಿಲ್ಲ. ನೀವು ಇಷ್ಟು ವರ್ಷ ತಪ್ಪದೆ ಕಟ್ಟಿದ್ದೀರಿ, ಬೇಜಾರಾಗುತ್ತೆ, ಗೊತ್ತು.

ಕಟ್ಟಡಗಳಿಗೆಂದೇ ಒಂದು ಯೋಜನೆ ಇತ್ತು, ನಿಜ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ 76ಎಫ್‌ಎಫ್ ಎಂಬ ಕಲಂ ಸೇರಿಸಿ, 2014ರಲ್ಲಿ ನಿಯಮ ಮಾಡಿದರು. ವಾಸದ ಮನೆಯಾದರೆ ಶೇ 50ರವರೆಗಿನ ಉಲ್ಲಂಘನೆ, ಅಂಗಡಿ ಮಳಿಗೆಯಾದರೆ ಶೇ 25ರವರೆಗೆ, ದಂಡ ಕಟ್ಟಿ ಸಕ್ರಮ. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಒಂದೇ ತಿಂಗಳಲ್ಲಿ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಲ್ಲಿಗೆ ಗಾಡಿ ನಿಂತಿತು. ಬ್ರೋಕರ್ ಓಡಿಸ್ತೀನಿ ಅನ್ನುವುದು ಈ ನಿಂತ ಗಾಡಿಯನ್ನೇ.

ತಡೆ ನಾಳೆಯೇ ತೆರವಾಯಿತು ಅಂದುಕೊಳ್ಳೋಣ. ಆಗಲೂ ನಿಮಗೆ ದಾರಿ ಇಲ್ಲ. ಆ ಯೋಜನೆಯ ಕಡೆಯ ದಿನ 2013ರ ಅಕ್ಟೋಬರ್ 19. ಅದಕ್ಕೂ ಮುಂಚೆ ಕಟ್ಟಿದ್ದರೆ ಮಾತ್ರ ಅರ್ಜಿ. ನಿಮ್ಮ ಎರಡನೇ ಮಹಡಿಗೆ ಮೋಲ್ಡ್ ಹಾಕಿಸಿದ್ದು 2016ರಲ್ಲಿ. 'ಡೇಟ್ ಹಿಂದೆ ಹಾಕಿಸ್ತೀನಿ' ಅಂತ ಬ್ರೋಕರ್ ಹೇಳಬಹುದು. ಮೂರನೇ ಮೀಟರ್ ಯಾವಾಗ ಬಂತು ಅಂತ ವಿದ್ಯುತ್ ಕಂಪನಿಯ ದಾಖಲೆಯೇ ಹೇಳುತ್ತದೆ, ಅದನ್ನು ಏನು ಮಾಡುತ್ತಾನೆ?

ಹಾಗಾದರೆ ಉಳಿದದ್ದೇನು? ಅಳತೆ. ಮೊದಲು ಒಬ್ಬ ಆರ್ಕಿಟೆಕ್ಟ್ ಅಥವಾ ಲೈಸೆನ್ಸ್ ಇರುವ ಇಂಜಿನಿಯರ್ ಕರೆಸಿ, ಟೇಪ್ ಹಿಡಿದು ಅಳೆಸಿ, 2004ರ ಪ್ಲಾನಿನ ಪಕ್ಕ ಇಟ್ಟು ನೋಡಿ. ಬೆಂಗಳೂರಿನ 2003ರ ಕಟ್ಟಡ ಬೈಲಾ ಕೊಡುವ ಸಡಿಲಿಕೆ ಶೇ 5. ಮೂರಡಿ ಸೆಟ್‌ಬ್ಯಾಕ್‌ನಲ್ಲಿ (ಗೋಡೆಗೂ ಸೈಟಿನ ಗಡಿಗೂ ನಡುವೆ ಬಿಡಬೇಕಾದ ಜಾಗ) ಶೇ 5 ಅಂದರೆ ಎರಡು ಇಂಚೂ ಇಲ್ಲ, ಪ್ಲಾಸ್ಟರಿಂಗ್‌ಗೇ ಮುಗಿದುಹೋಗುತ್ತೆ. ನಿಮ್ಮದು ಪೂರ್ತಿ ಒಂದಡಿ, ಅಂದರೆ ಶೇ 33. ಈ ಮಿತಿ ಹೆಚ್ಚಿಸುವ ಮಾತು ಆಗಾಗ ಏಳುತ್ತಿರುತ್ತೆ, ಆದ್ದರಿಂದ ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಅಂತ ನೋಡಿಕೊಳ್ಳಿ.

ಮಹಡಿಯ ಕಥೆ ಸ್ವಲ್ಪ ಬೇರೆ, ಅಲ್ಲಿ ಆಸೆಗೆ ಜಾಗ ಇದೆ. ನಿಮ್ಮ ರಸ್ತೆಗೆ ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) 1.75 ಅಂತ ಇಟ್ಟುಕೊಳ್ಳಿ. 1200 ಚದರಡಿ ಸೈಟಿನಲ್ಲಿ ಒಟ್ಟು 2100 ಚದರಡಿ ಕಟ್ಟಬಹುದು. ನಿಮ್ಮದು ಮಹಡಿಗೆ 850ರಂತೆ ಮೂರು ಮಹಡಿ, 2550. ಜಾಸ್ತಿ ಆಗಿರುವುದು 450. ಅಂದರೆ ಎರಡನೇ ಮಹಡಿ ಇಡೀ ತಪ್ಪಲ್ಲ, ಅದರಲ್ಲಿ 400 ಚದರಡಿಗೆ ಹೊಸ ಪ್ಲಾನಿನಲ್ಲಿ ಅನುಮತಿ ಕೇಳಲು ಅವಕಾಶ ಇರಬಹುದು. ಹಿಂದಿನ ರೂಮು ಒಡೆದು ಜಾಸ್ತಿಯಾದ 450 ಚದರಡಿಯನ್ನು ತೆರೆದ ಟೆರೇಸ್ ಮಾಡಿಕೊಂಡರೆ ಎಫ್‌ಎಆರ್ ಸರಿಹೋಗುತ್ತದೆ. ಸೆಟ್‌ಬ್ಯಾಕ್‌ನ ಆ ಒಂದಡಿ ಮಾತ್ರ ಆಗಲೂ ಕಾಡುತ್ತದೆ, ಅದು ಕೆಳಗಿನಿಂದಲೇ ಬಂದದ್ದು. ಒಡೆಯುವ ಮೊದಲು ಪ್ಲಾನ್ ಸಿಗುತ್ತಾ ಅಂತ ಖಚಿತ ಮಾಡಿಕೊಳ್ಳಿ. ಮಗನಿಗೆಂದು ಕಟ್ಟಿಸಿದ ರೂಮಿಗೆ ಸುತ್ತಿಗೆ ಹಾಕಿ ಅಂತ ಹೇಳುವುದು ನನಗೂ ಸುಲಭ ಅಲ್ಲ.

ಬ್ಯಾಂಕಿನವರನ್ನು ಬೈದು ಪ್ರಯೋಜನ ಇಲ್ಲ. 2024ರ ಡಿಸೆಂಬರ್ 17ರಂದು, ಮೀರತ್‌ನ ಒಂದು ಕೇಸಿನಲ್ಲಿ, ಓಸಿ ಅಥವಾ ಸಿಸಿ (ಕಟ್ಟಡ ಮುಗಿದ ಪ್ರಮಾಣಪತ್ರ) ನೋಡಿಯೇ ಸಾಲ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಬಹಳ ವರ್ಷ ಆಯಿತು, ದುಡ್ಡು ಸುರಿದಾಯಿತು, ಅಧಿಕಾರಿಗಳು ಸುಮ್ನಿದ್ದರು, ಈ ಯಾವ ಕಾರಣದಿಂದಲೂ ಅಕ್ರಮ ಕಟ್ಟಡ ಸಕ್ರಮ ಆಗದು ಎಂದೂ ಅದೇ ತೀರ್ಪಿನಲ್ಲಿದೆ. (ನಮ್ಮ ಪತ್ರಿಕೆಯ ಕಚೇರಿ ಕಟ್ಟಡಕ್ಕೆ ಓಸಿ ಇದೆಯಾ ಅಂತ ದಯವಿಟ್ಟು ಕೇಳಬೇಡಿ. ಓನರ್ ಕೂಡ ನಮ್ಮ ಓದುಗರೇ.) 1200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ 2025ರಲ್ಲಿ ಸರ್ಕಾರ ಓಸಿ ವಿನಾಯಿತಿ ಕೊಟ್ಟಿದೆ ಅಂತ ನಿಮ್ಮ ಪಕ್ಕದ ಮನೆಯವರು ಹೇಳಿರಬಹುದು. ಓಸಿ ಬೇಡ ಅಂದರೆ ಪ್ಲಾನೂ ಬೇಡ ಅಂತ ಅರ್ಥ ಅಲ್ಲ. ಆದರೂ ಆ ಆದೇಶದ ಪ್ರತಿ ತೆಗೆದುಕೊಂಡು ಹೋಗಿ ಬ್ಯಾಂಕ್ ಮ್ಯಾನೇಜರ್ ಎದುರು ಇಡಿ, ಕಳೆದುಕೊಳ್ಳುವುದೇನಿಲ್ಲ.

ಇನ್ನೊಂದು ಮಾತು. ಪಾಲಿಕೆಯಿಂದ ನೋಟಿಸ್ ಬಂದರೆ ದೇವರ ಮನೆಯ ಕಪಾಟಿನಲ್ಲಿ ಇಟ್ಟು ಮರೆಯಬೇಡಿ. ಮೊದಲು ಬರುವುದು ತಾತ್ಕಾಲಿಕ ಆದೇಶ, ಅದರಲ್ಲಿ ಹೇಳಿದ ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಸ್ವೀಕೃತಿ ಇಸ್ಕೋಬೇಕು. ಉತ್ತರ ಕೊಡದೆ ಹೋದರೆ ಅದೇ ಅಂತಿಮ ಆದೇಶವಾಗಿ ವಾಪಸ್ ಬರುತ್ತದೆ. 2004ರ ಲೈಸೆನ್ಸ್ ಮತ್ತು ಸೀಲ್ ಬಿದ್ದ ಪ್ಲಾನ್ ಈಗಲೇ ಹುಡುಕಿಡಿ. ಮಾರುಕಟ್ಟೆ ಬೆಲೆ ಏನೇ ಇರಲಿ, ನಿಮ್ಮ ಮನೆಯಲ್ಲಿ ಈಗ ತುಂಬಾ ಬೆಲೆಬಾಳುವುದು ಆ ನೀಲಿ ಹಾಳೆಯೇ.

ಬ್ರೋಕರ್ ಮತ್ತೆ ಬಂದರೆ ಬೈಯಬೇಡಿ. ಕಾಫಿ ಕೊಟ್ಟು, 60 ಸಾವಿರಕ್ಕೆ ಯಾವ ಕಚೇರಿಯ ರಸೀದಿ ಕೊಡ್ತೀಯಪ್ಪಾ ಅಂತ ಕೇಳಿ.